ಕಿತ್ತುಕೊಂಡ ಸ್ಪ್ಯಾನರ್

ವರ್ಕ್‌ಶಾಪಿನ ಶಟರ್ ತೆರೆಯುವುದು ಎಂಟಕ್ಕೆ. ಚಿನಕುರುಳಿ ಏಳೂವರೆಗೇ ಅದರ ಮುಂದೆ ಹಾಜರಾಗಿ, ಕಾಲು ಬದಲಿಸುತ್ತಾ, ಆಗಾಗ ಬಗ್ಗಿ ಕೆಳಗಿನ ಸಂದಿಯಿಂದ ಒಳಗೆ ಇಣುಕುತ್ತಿದ್ದಳು. ಒಳಗೆ ಕತ್ತಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೆ ಗ್ರೀಸಿನ ವಾಸನೆ ಬರುತ್ತಿತ್ತು, ಅವಳಿಗೆ ಅಷ್ಟು ಸಾಕಾಗಿತ್ತು.

ಚಿನಕುರುಳಿ ಎಂಬುದು ಅಪ್ಪ ಇಟ್ಟ ಅಡ್ಡಹೆಸರು. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಐದು ವರ್ಷದವಳಿದ್ದಾಗಿನಿಂದ ಪಂಕ್ಚರ್ ತೊಟ್ಟಿಯ ನೀರಿನಲ್ಲಿ ಆಡುತ್ತಾ ಬೆಳೆದ ಹುಡುಗಿ, ಹದಿನೈದಕ್ಕೆಲ್ಲ ಚಕ್ರದ ನಡುವಿನ ಹಬ್ ಬಿಚ್ಚಿ ಬೇರಿಂಗ್ ಗುಂಡು ಬದಲಿಸುವಷ್ಟು ಪಳಗಿದ್ದಳು. ಬಾಯಿಯೂ ಕೈಯೂ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಅಂಥವಳು ಈ ವಿಶ್ವವಿದ್ಯಾಲಯಕ್ಕೆ ಬಂದು ಮೂರು ತಿಂಗಳಾಗಿತ್ತು, ಮೂರು ತಿಂಗಳಿಂದ ಬಾಯಿಗೆ ಬೀಗ. ಇಲ್ಲಿನ ಪಾಠದ ಭಾಷೆ ಅವಳಿಗೆ ಬಾಡಿಗೆ ಸೈಕಲ್ ಇದ್ದ ಹಾಗೆ. ಓಡುತ್ತದೆ, ಆದರೆ ಸೀಟು ತನ್ನ ಎತ್ತರಕ್ಕಿಲ್ಲ. ನಾನಾ ದೇಶದ ಮಕ್ಕಳು ಕೂತ ತರಗತಿಯಲ್ಲಿ ಒಂದು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಚರ್ಚೆ ಎರಡು ಬೀದಿ ದಾಟಿ ಹೋಗಿರುತ್ತಿತ್ತು. ಹಾಸ್ಟೆಲಿನಲ್ಲಿ "ಹಾಯ್" ಎಂದರೆ "ಹಾಯ್" ಎನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ಅಪ್ಪ ಫೋನು ಮಾಡಿದಾಗ ಮಾತ್ರ "ಜೋರಾಗಿದ್ದೀನಿ ಅಪ್ಪ, ಏನೂ ಚಿಂತೆ ಇಲ್ಲ" ಎಂದು ಬುರುಡೆ ಬಿಡುತ್ತಿದ್ದಳು.

ವರ್ಕ್‌ಶಾಪಿನ ಹಿಂದೆ ಒಂದು ಮೂಲೆ ಕೋಣೆಯಿತ್ತು. ಹೊರಗಿನಿಂದಲೇ ಬೇರೆ ಬಾಗಿಲು, ಒಂದು ಕಿಟಕಿ, ಒಂದು ಉದ್ದನೆಯ ಬೆಂಚು, ಗೋಡೆಗೆ ಬಡಿದ ಮೊಳೆಗಳು. ಪ್ರತಿವರ್ಷ ಮೊದಲ ವರ್ಷದವರಿಗೆ ಒಂದು ಸ್ಪರ್ಧೆ ಇಟ್ಟು, ಗೆದ್ದ ತಂಡಕ್ಕೆ ಆ ಕೋಣೆಯನ್ನು ವರ್ಷಪೂರ್ತಿ ಬಿಟ್ಟುಕೊಡುತ್ತಿದ್ದರು. ಚಿನಕುರುಳಿ ಆ ಕಿಟಕಿಗೆ ಮೂಗು ಒತ್ತಿ ನೋಡಿದ್ದೇ, ಆಸೆಗೆ ಬಿದ್ದಳು. ಅಲ್ಲಿ ಒಂದು ಬೆಂಚು ಸಿಕ್ಕರೆ ಜನ ಕೆಟ್ಟ ಸೈಕಲ್ ಹಿಡಿದು ಬಂದೇ ಬರುತ್ತಾರೆ, ಸೈಕಲ್ ಬಂದ ಮೇಲೆ ಮಾತು ತಾನಾಗಿ ಬರುತ್ತದೆ. ಸಿಗದಿದ್ದರೆ ಇನ್ನು ನಾಲ್ಕು ವರ್ಷ ಮೂಗಿಯಾಗಿ ಓದು ಮುಗಿಸಬೇಕು. ಅವಳ ಲೆಕ್ಕ ಅಷ್ಟು ಸರಳವಾಗಿತ್ತು.

ಇವತ್ತು ಆ ಸ್ಪರ್ಧೆಯ ದಿನ. ಶಟರ್ ಏರಿತು. ವರ್ಕ್‌ಶಾಪಿನ ಮೇಷ್ಟ್ರು ಸೊಂಟಕ್ಕೆ ಕೈಯಿಟ್ಟು ನಿಯಮ ಹೇಳಿದರು.

"ನೋಡಿ, ಒಂದೊಂದು ತಂಡಕ್ಕೆ ಒಂದು ಸೈಕಲ್, ಒಂದು ರಾಶಿ ಗುಜರಿ. ಸೈಕಲಿನ ಹಿಂದೆ ಎಳೆಯೋಕೆ ಎರಡು ಚಕ್ರದ ಗಾಡಿ ಕಟ್ಟಬೇಕು. ವೆಲ್ಡಿಂಗ್ ಇಲ್ಲ, ಬೋಲ್ಟು, ಪೈಪು ಕಚ್ಚಿ ಹಿಡಿಯೋ ಕ್ಲಾಂಪು ಅಷ್ಟೇ. ಮೂರೂವರೆಗೆ ಕೈ ನಿಲ್ಲಿಸಬೇಕು. ಆಮೇಲೆ ಎರಡು ಮರಳಿನ ಮೂಟೆ ಹೇರಿ ಈ ದಿಬ್ಬದ ರಸ್ತೆಯಲ್ಲಿ ಮೂರು ಸುತ್ತು, ಏರೂ ಇದೆ, ಇಳಿಜಾರೂ ಇದೆ. ತಂಡದ ಮೂವರೂ ಒಂದೊಂದು ಸುತ್ತು ಹೊಡೆಯಬೇಕು. ಒಬ್ಬರು ಇಲ್ಲ ಅಂದರೂ ತಂಡ ಔಟ್. ಕೊನೆಗೆ ಚಕ್ರ ಎಷ್ಟು ನೆಟ್ಟಗಿದೆ ಅಂತ ನಾನೇ ನೋಡ್ತೀನಿ. ಬೇಗ ಬಂದೋರಿಗಲ್ಲ ಕೋಣೆ, ಸರಿಯಾಗಿ ಬಂದೋರಿಗೆ."

ತಂಡಗಳನ್ನು ಚೀಟಿ ಎತ್ತಿ ಮಾಡಿದ್ದರು. ಒಟ್ಟು ಆರು ತಂಡ. ಚಿನಕುರುಳಿಯ ಪಾಲಿಗೆ ಬಂದವರು ಇಬ್ಬರು, ಇಬ್ಬರೂ ಬೇರೆ ಬೇರೆ ದೇಶದವರು. ಒಬ್ಬಳು ಕೈಗಡಿಯಾರ ನೋಡದೆ ಉಸಿರೂ ಬಿಡದ ಹುಡುಗಿ. ಚಿನಕುರುಳಿ ಅವಳಿಗೆ ಮನಸ್ಸಿನಲ್ಲೇ ಗಡಿಯಾರದಮ್ಮ ಎಂದು ಹೆಸರಿಟ್ಟಳು. ಇನ್ನೊಬ್ಬ ಇವರಿಗಿಂತ ನಾಲ್ಕೈದು ವರ್ಷ ದೊಡ್ಡವನು, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಬಾಯಲ್ಲಿ ಮಾತಿಲ್ಲ. ಅವನು ಕಂಬ.

ರಾಶಿಯಲ್ಲಿ ಸಿಕ್ಕ ಎರಡೂ ಚಕ್ರಗಳು ಸೊಟ್ಟ. ಕಂಬ ಒಂದನ್ನೆತ್ತಿ ಬೆರಳಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟಿದ. ಟಿಣ್, ಟಿಣ್, ಟಿಣ್, ಟುಸ್. ಟುಸ್ ಎಂದ ಕಡ್ಡಿಗೆ ದಾರ ಕಟ್ಟಿದ. ಚಿನಕುರುಳಿಗೆ ರೋಮಾಂಚನವಾಯಿತು. ಅಪ್ಪನ ಅಂಗಡಿಯಲ್ಲಿ ರಿಮ್ಮಿನ ಬೆಂಡು ತೆಗೆಯುವುದು ಕಣ್ಣಿನಲ್ಲಿ. ಕಿವಿಯಿಂದ ಬೆಂಡು ಹಿಡಿಯುವವನನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಏಯ್, ಇದನ್ನ ಎಲ್ಲಿ ಕಲಿತೆ?" ಎಂದಳು.

"ಮಾವನ ಹತ್ತಿರ," ಎಂದ ಕಂಬ. ಮತ್ತೆ ಟಿಣ್ ಟಿಣ್.

ಕೆಲಸ ಹತ್ತಿಕೊಂಡಿತು. ಗಡಿಯಾರದಮ್ಮ ಪೈಪು ಅಳೆದು ಗರಗಸ ಹಾಕಿದಳು. ಚಿನಕುರುಳಿ ಗಾಡಿಯನ್ನು ಸೈಕಲಿಗೆ ಸಿಕ್ಕಿಸುವ ಕೊಂಡಿ ಜೋಡಿಸಲು ಕೂತಳು. "ನೀನು ಗುರುತು ಹಾಕಿದ್ದು ಓರೆ. ಅಳಿಸು," ಎಂದಳು ಗಡಿಯಾರದಮ್ಮ, ನಯವೂ ಇಲ್ಲ, ನಂಜೂ ಇಲ್ಲ. ಮೊದಲ ಸಲ ಚಿನಕುರುಳಿಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಮೂರನೆಯ ಸಲಕ್ಕೆ ಅಭ್ಯಾಸವಾಯಿತು. ಅವಳ ಮಾತಿಗೆ ಸಿಪ್ಪೆಯೇ ಇಲ್ಲ, ಬರೀ ತಿರುಳು, ಕಚ್ಚಿದರೆ ಗಟ್ಟಿ ಅಷ್ಟೇ.

ತೊಂದರೆ ಬಂದದ್ದು ಅವಳಿಂದಲ್ಲ. ಚಿನಕುರುಳಿಯ ಕೈಯಿಂದಲೇ.

ಅಪ್ಪನ ಅಂಗಡಿಯಲ್ಲಿ ಒಂದು ರೂಢಿ. ಒಬ್ಬರ ಕೈ ಒಂದು ನಟ್ಟಿನ ಮೇಲೆ ತಿಣುಕಾಡಿತೋ, ಪಕ್ಕದವರು "ಕೊಡಿಲ್ಲಿ" ಎಂದು ಸ್ಪ್ಯಾನರ್ ಕಿತ್ತುಕೊಂಡು ತಾವೇ ಎರಡು ಸುತ್ತು ಹಾಕಿ ವಾಪಸು ಕೊಡುವುದು. ಅಪ್ಪ ಅವಳ ಕೈಯಿಂದ, ಅವಳು ಚಿಕ್ಕಪ್ಪನ ಕೈಯಿಂದ, ಚಿಕ್ಕಪ್ಪ ಅಪ್ಪನ ಕೈಯಿಂದ. ದಿನಕ್ಕೆ ನೂರು ಸಲ. ಕೇಳುವುದಿಲ್ಲ, ಥ್ಯಾಂಕ್ಸ್ ಹೇಳುವುದಿಲ್ಲ. ಹೇಳಿದರೆ "ನಾವೇನು ಹೊರಗಿನವರಾ?" ಎಂದು ಮುಖ ಊದಿಸಿಕೊಳ್ಳುತ್ತಿದ್ದರು.

ಕಂಬನ ಒಂದು ಕಡ್ಡಿ ತುಕ್ಕು ಹಿಡಿದು ಕೂತಿತ್ತು. ಅವನು ಚಿಕ್ಕ ಸ್ಪ್ಯಾನರ್ ಇಟ್ಟು ಮೆಲ್ಲಗೆ ಅಲ್ಲಾಡಿಸುತ್ತಿದ್ದ. ಚಿನಕುರುಳಿ ಸರ್ರನೆ ಬಂದು, "ಕೊಡಿಲ್ಲಿ," ಎಂದು ಕಿತ್ತುಕೊಂಡು, ಒಂದು ಹನಿ ಎಣ್ಣೆ ಬಿಟ್ಟು, ಕಿರ್ ಎನಿಸಿ ವಾಪಸು ಕೊಟ್ಟಳು. ಅವನು ಅವಳ ಮುಖ ನೋಡಿದ. ಹನ್ನೊಂದರ ಹೊತ್ತಿಗೆ ಇನ್ನೊಂದು ಕಡ್ಡಿ, ಇನ್ನೊಂದು "ಕೊಡಿಲ್ಲಿ". ಅವಳಿಗೆ ಹಿಗ್ಗೋ ಹಿಗ್ಗು, ಮೂರು ತಿಂಗಳಲ್ಲಿ ಮೊದಲ ಬಾರಿಗೆ ಕೆಲಸದ ಜೊತೆ ಸಿಕ್ಕಿತ್ತು. ಹನ್ನೆರಡಕ್ಕೆ ಮೂರನೆಯ ಸಲ ಕಿತ್ತುಕೊಂಡಾಗ ಕಂಬ ಎದ್ದು ನಿಂತ. ಚಿಂದಿಯಲ್ಲಿ ಹತ್ತೂ ಬೆರಳು ಒರೆಸಿಕೊಂಡ. ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಡಿಚಿ, ಬೆಂಚಿನ ಮೇಲಿಟ್ಟು ಹೊರಗೆ ನಡೆದ.

"ನೀರು ಕುಡಿಯೋಕೆ ಹೋದ," ಎಂದಳು ಚಿನಕುರುಳಿ.

"ನೀರಿನ ನಲ್ಲಿ ಒಳಗೇ ಇದೆ," ಎಂದಳು ಗಡಿಯಾರದಮ್ಮ.

ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಒಂದು ಚಕ್ರ ಮುಗಿದಿತ್ತು, ಇನ್ನೊಂದು ಅರ್ಧಕ್ಕೆ ನಿಂತಿತ್ತು. ಚಿನಕುರುಳಿ ತಾನೇ ಕೂತು ನೋಡಿದಳು. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಉಬ್ಬಿತು. ಬೆಂಡು ತೆಗೆಯುವ ಕೆಲಸ ಅಪ್ಪ ಅವಳಿಗೆ ಬಿಟ್ಟದ್ದೇ ಇಲ್ಲ, ಅದು ಅವನೇ ಮಾಡುವ ಕೆಲಸ. ಕಂಬ ಬರದಿದ್ದರೆ ಚಕ್ರವೂ ಇಲ್ಲ, ಮೂರನೆಯ ಸುತ್ತೂ ಇಲ್ಲ, ಕೋಣೆಯೂ ಇಲ್ಲ.

ಕಂಬ ಹಿಂದಿನ ನೀರಿನ ಟ್ಯಾಂಕಿನ ನೆರಳಿನಲ್ಲಿ ಕಟ್ಟೆಯ ಮೇಲೆ ಕೂತಿದ್ದ. ಚಿನಕುರುಳಿ ಓಡಿಹೋಗಿ ಮಾತಿನ ಮೂಟೆ ಬಿಚ್ಚಿದಳು. ತಾನು ಬೇಕೆಂದು ಮಾಡಿದ್ದಲ್ಲ, ತಮ್ಮ ಅಂಗಡಿಯೇ ಹಾಗೆ, ಅಪ್ಪ ಹಾಗೆ, ಚಿಕ್ಕಪ್ಪ ಇನ್ನೂ ಹಾಗೆ, ಅವನು ಬೆಂಡು ತೆಗೆಯುವುದು ನೋಡಿ ತನಗೆ ಎಷ್ಟು ಖುಷಿಯಾಯಿತು, ಈ ಕೋಣೆ ತನಗೆ ಎಷ್ಟು ಬೇಕು. ಬಾಡಿಗೆ ಭಾಷೆಯಲ್ಲಿ ಪದ ಸಿಗದ ಕಡೆ ಕೈಬಾಯಿ ತಿರುಗಿಸಿದಳು.

"ಪರವಾಗಿಲ್ಲ," ಎಂದ ಕಂಬ.

"ಹಾಗಾದ್ರೆ ಬಾ!"

"ಪರವಾಗಿಲ್ಲ," ಎಂದ ಮತ್ತೆ, ನೆಲ ನೋಡುತ್ತಾ.

ಚಿನಕುರುಳಿ ಗೆದ್ದ ಮುಖ ಹೊತ್ತು ವಾಪಸು ಬಂದಳು. ಹಿಂದೆ ತಿರುಗಿ ನೋಡಿದರೆ ಯಾರೂ ಇಲ್ಲ.

"ಪರವಾಗಿಲ್ಲ ಅಂದ! ಮತ್ತೆ ಯಾಕೆ ಬರಲಿಲ್ಲ?"

ಗಡಿಯಾರದಮ್ಮ ಬಾಗಿಲಿನಿಂದ ಎಲ್ಲ ನೋಡಿದ್ದಳು. "ಹನ್ನೆರಡು ನಿಮಿಷ. ಅಷ್ಟೂ ನೀನೇ ಮಾತಾಡಿದೆ. ಅವನು ಹೇಳಿದ್ದು ಒಂದು ಪದ. ಇದು ಮಾತುಕತೆ ಅಲ್ಲ, ರೇಡಿಯೋ."

ಚಿನಕುರುಳಿ ಮುನಿಸಿಕೊಂಡು ಶಟರಿನ ಪಕ್ಕ ನಿಂತು ಅಪ್ಪನಿಗೆ ಫೋನು ಹಚ್ಚಿದಳು. ಅತ್ತ ಸುತ್ತಿಗೆಯ ಸದ್ದು.

"ಏನಮ್ಮ, ಗಾಡಿ ಓಡ್ತಾ?"

"ಗಾಡಿ ಇರ್ಲಿ ಅಪ್ಪ, ಮನುಷ್ಯನೇ ಓಡಿಹೋದ!" ಎಂದು ನಡೆದದ್ದನ್ನೆಲ್ಲ ಒದರಿದಳು.

"ಕಿತ್ಕೊಂಡೆಯಾ? ಮತ್ತೇನು, ಕೈಕಟ್ಟಿ ನಿಂತು ನೋಡ್ಬೇಕಿತ್ತಾ? ಸರಿಯಾಗೇ ಮಾಡಿದ್ದೀಯ ಬಿಡು."

"ಅಪ್ಪ! ಸರಿಯಾಗಿ ಮಾಡಿದ್ರೆ ಅವನ್ಯಾಕೆ ಎದ್ದುಹೋದ?"

ಸುತ್ತಿಗೆ ನಿಂತಿತು. "ಹೂಂ. ಅವನೇನಂದ?"

"ಪರವಾಗಿಲ್ಲ ಅಂದ."

"ನೀನೇನು ಕೇಳಿದೆ?"

"ನಾನೇನು ಕೇಳ್ಲಿ? ನಾನು ಹೇಳ್ದೆ. ಎಲ್ಲಾ ಹೇಳ್ದೆ."

"ಅಯ್ಯೋ ಪುಟ್ಟಿ. ಗಿರಾಕಿ ಸೈಕಲ್ ತಳ್ಕೊಂಡು ಬಂದಾಗ ನಾನು ಮೊದಲು ಏನಂತೀನಿ?"

"ಏನಾಯ್ತು ಅಂತೀಯ."

"ಆಮೇಲೆ?"

"ಆಮೇಲೆ... ಬಾಯಿ ಮುಚ್ಕೊಂಡು ನಿಂತಿರ್ತೀಯ."

"ನಮ್ಮ ಮನೇಲಿ ನಾನು ಬಾಯಿ ಮುಚ್ಚೋದು ಅದೊಂದೇ ಹೊತ್ತು. ಅರ್ಧ ಕಾಯಿಲೆ ಗಿರಾಕೀನೇ ಹೇಳ್ತಾನೆ. ನಾನು ನಡುವೆ ಬಾಯಿ ಹಾಕಿದ್ರೆ, ಕೆಡದೇ ಇರೋ ಬ್ರೇಕು ಬಿಚ್ಚಿ ಕೂತ್ಕೋಬೇಕಾಗುತ್ತೆ. ಹೋಗು, ಇಲ್ಲಿ ನನಗೂ ಕೆಲಸ ಇದೆ."

ಒಂದೂಕಾಲು. ಚಿನಕುರುಳಿ ಮತ್ತೆ ಟ್ಯಾಂಕಿನ ಹತ್ತಿರ ಹೋದಳು. ಈ ಸಲ ಓಡಲಿಲ್ಲ. ಕಟ್ಟೆಯ ಮೇಲೆ ಒಂದು ಮೊಳ ಬಿಟ್ಟು ಕೂತಳು.

"ಏನಾಯ್ತು?"

ಚಿನಕುರುಳಿಯ ನಾಲಿಗೆಯ ತುದಿಯಲ್ಲಿ ಇಪ್ಪತ್ತು ಮಾತು ನೂಕಾಡಿದವು. ಹಲ್ಲು ಕಚ್ಚಿ ಎಲ್ಲವನ್ನೂ ನುಂಗಿಕೊಂಡಳು. ಟ್ಯಾಂಕಿನ ಬೋಲ್ಟು ಎಣಿಸತೊಡಗಿದಳು. ಹದಿನಾರು. ಇನ್ನೊಮ್ಮೆ ಎಣಿಸಿದಳು. ಹದಿನಾರೇ. ಇಷ್ಟು ಹೊತ್ತು ಇಬ್ಬರು ಮನುಷ್ಯರು ಪಕ್ಕಪಕ್ಕ ಮಾತಿಲ್ಲದೆ ಕೂತದ್ದನ್ನು ಅವಳ ಮನೆಯವರು ಕಂಡಿದ್ದರೆ ಡಾಕ್ಟರಿಗೆ ಹೇಳಿಕಳಿಸುತ್ತಿದ್ದರು.

"ನನ್ನ ಮಾವ ಗಾಲಿ ಕೆಲಸದವರು," ಎಂದ ಕಂಬ ಕೊನೆಗೆ. ಒಂದೊಂದೇ ಪದವನ್ನು ಇಳಿಸಿಡುವಂತೆ ಮಾತಾಡುತ್ತಿದ್ದ. "ಅವರ ಹತ್ತಿರ ಒಬ್ಬರು ಹನ್ನೊಂದು ವರ್ಷ ಕೆಲಸ ಮಾಡಿದರು. ಒಂದು ದಿನ ಮಾವ ಬಂದು ಅವರ ಕೈಯಿಂದ ಉಪಕರಣ ತೆಗೆದುಕೊಂಡರು. ಏನೂ ಹೇಳಲಿಲ್ಲ. ಅವರು ಏಪ್ರನ್ ಮಡಿಚಿಟ್ಟು ಮನೆಗೆ ಹೋದರು. ನಮ್ಮ ಕಡೆ ಅದರ ಅರ್ಥ ಅದೇ. ನಿನ್ನ ಕೆಲಸ ಸಾಲದು, ನೀನು ಹೋಗಬಹುದು."

ಚಿನಕುರುಳಿಯ ಬಾಯಿ ತೆರೆಯಿತು. ಕಷ್ಟಪಟ್ಟು ಮುಚ್ಚಿದಳು.

"ಮೊದಲನೇ ಸಲ, ಅವಸರ ಇರಬೇಕು ಅಂದುಕೊಂಡೆ. ಎರಡನೇ ಸಲ, ಎಚ್ಚರಿಕೆ ಅಂದುಕೊಂಡೆ. ಮೂರನೇ ಸಲ..." ಅವನು ಬರಿಗೈ ಬಿಡಿಸಿ ತೋರಿಸಿದ.

"ನಿನಗೆ ನನ್ನ ಮೇಲೆ ತುಂಬಾ ಕೋಪ ಬಂದಿರ್ಬೇಕು."

"ಕೋಪ ಯಾಕೆ?" ಅವನಿಗೆ ನಿಜಕ್ಕೂ ಆಶ್ಚರ್ಯ. "ನೀನು ಅಂಗಡಿಯಲ್ಲಿ ಬೆಳೆದವಳು, ನಿನಗೆ ಗೊತ್ತಾಗುತ್ತೆ. ನನ್ನ ಕೆಲಸ ಎಲ್ಲಿ ಕೆಟ್ಟಿತು ಅಂತ ಯೋಚನೆ ಮಾಡ್ತಾ ಕೂತಿದ್ದೇನೆ. ಇನ್ನೂ ಸಿಕ್ಕಿಲ್ಲ."

ಅಷ್ಟು ಎತ್ತರದ ಆಳು ಒಂದು ಗಂಟೆಯಿಂದ ನಾಚಿಕೆಯಿಂದ ಮುದುಡಿ ಕೂತಿದ್ದಾನೆ! ಇವಳೋ ಅವನು ಸಿಟ್ಟಾಗಿದ್ದಾನೆಂದು ರಮಿಸಲು ಬಂದಿದ್ದಳು. ಚಿನಕುರುಳಿಗೆ ನಗು, ಅಳು ಎರಡೂ ಒಟ್ಟಿಗೆ ನುಗ್ಗಿ ಬಂದವು.

"ನಿನ್ನ ಕೆಲಸ ಕೆಡೋದಾ? ಆ ಬೆಂಡನ್ನ ನಾನು ಅರ್ಧ ಗಂಟೆ ಗುದ್ದಾಡಿ ಇನ್ನಷ್ಟು ಸೊಟ್ಟ ಮಾಡಿದ್ದೀನಿ, ಬೇಕಾದ್ರೆ ಬಂದು ನೋಡು! ನಮ್ಮಲ್ಲಿ ಕೈಯಿಂದ ಕಿತ್ಕೊಳ್ಳೋದು ಅಂದ್ರೆ ನೀನು ನಮ್ಮೋನು ಅಂತ. ನಮ್ಮಪ್ಪ ಒಂದು ದಿನ ಕಿತ್ಕೊಳ್ಳದೆ ಇದ್ರೆ, ಇವತ್ತು ಇವನಿಗೆ ನನ್ನ ಮೇಲೆ ಮುನಿಸು ಅಂತ ಗೊತ್ತಾಗುತ್ತೆ ನನಗೆ."

ಕಂಬ ಅವಳನ್ನೇ ದಿಟ್ಟಿಸಿದ. ಅವನ ಭುಜ ಮೆಲ್ಲಗೆ ಅಲುಗಿತು. ನಗುತ್ತಿದ್ದಾನೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಹಾಗಾದರೆ ಬೆಳಿಗ್ಗೆಯಿಂದ ಮೂರು ಸಲ ನೀನು ನನ್ನನ್ನು ಹೊಗಳಿದೆ."

"ಅದೂ ಜೋರಾಗಿ!" ಎಂದಳು. ಆಮೇಲೆ ಒಂದು ಪ್ರಶ್ನೆ ನೆನಪಾಯಿತು. "ನಿಮ್ಮಲ್ಲಿ ಒಬ್ಬರಿಗೆ ಸಹಾಯ ಮಾಡ್ಬೇಕು ಅಂದ್ರೆ ಏನ್ಮಾಡ್ತಾರೆ?"

"ಎದುರಿಗೆ ಕೂತು ಇನ್ನೊಂದು ಕಡೆ ಹಿಡಿದುಕೊಳ್ತಾರೆ."

"ಅಷ್ಟೇನಾ?"

"ಅಷ್ಟೇ. ಅದು ಸುಲಭ ಅಲ್ಲ."

ಸುಲಭವಲ್ಲ ಎಂದರೆ ಏನೆಂದು ಮುಂದಿನ ಒಂದೂವರೆ ಗಂಟೆ ಚಿನಕುರುಳಿಗೆ ಅರ್ಥವಾಯಿತು. ಎದುರಿಗೆ ಕೂತು ಚಕ್ರದ ಅಚ್ಚು ಹಿಡಿದಿದ್ದಳು. ಕಂಬ ಮೀಟುವನು, ಆಲಿಸುವನು, ಕಾಲು ಸುತ್ತು ಬಿಗಿಯುವನು, ಮತ್ತೆ ಆಲಿಸುವನು. ಇವಳ ಅಂಗೈ ತುರಿಸುತ್ತಿತ್ತು. ಅವನ ಬೆರಳು ಒಂದು ಕಡ್ಡಿಯ ಮೇಲೆ ತಡವರಿಸಿದಾಗಲಂತೂ ಇವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಪೆಟ್ಟು ತಿಂದ ಬೆಕ್ಕಿನ ಹಾಗೆ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಕಂಬ ಅದನ್ನು ನೋಡಿ ನೋಡಿ ಮೀಸೆಯಡಿಯಲ್ಲೇ ನಗುತ್ತಿದ್ದ. ಆದರೆ ಹಿಡಿದು ಕೂತವಳಿಗೆ ಒಂದು ಲಾಭವಾಯಿತು. ಬಿಗಿ ಕಡ್ಡಿಯ ದನಿ ಯಾವುದು, ಸಡಿಲದ್ದು ಯಾವುದು, ಕಿವಿಗೆ ಹತ್ತತೊಡಗಿತು. ಇಷ್ಟು ವರ್ಷ ಅಂಗಡಿಯ ಗದ್ದಲದಲ್ಲಿ ಅವಳು ಕೇಳಿಸಿಕೊಳ್ಳದೇ ಇದ್ದ ದನಿ!

"ಈಗ ಎರಡು ಐವತ್ತು," ಎಂದಳು ಗಡಿಯಾರದಮ್ಮ, ಹಲಗೆಗೆ ಕೊನೆಯ ಬೋಲ್ಟು ಹಾಕುತ್ತಾ. "ನಾನು ಒಂದು ವಿಷಯ ಹೇಳ್ಬೇಕು. ಇವನಿಗೆ ಏನಾದರೂ ಸರಿ ಕಾಣದಿದ್ದರೆ ಇವನು ಹೇಳಲ್ಲ. ಎದ್ದು ಹೋಗ್ತಾನೆ. ಇನ್ನೊಂದು ಸಲ ಎದ್ದು ಹೋದರೆ ನಮಗೆ ಟೈಮಿಲ್ಲ."

ಕಂಬನ ಕಿವಿ ಕೆಂಪಗಾಯಿತು. "ಎಲ್ಲರ ಮುಂದೆ ಇನ್ನೊಬ್ಬರ ಕೆಲಸ ತಪ್ಪು ಅನ್ನೋದು ನಮ್ಮಲ್ಲಿ..."

"ನನ್ನ ಹತ್ತಿರ ಅಭ್ಯಾಸ ಮಾಡು. ಈ ಹಲಗೆ ನೋಡಿ 'ಇದು ಸರಿಯಿಲ್ಲ' ಅನ್ನು."

"ಹಲಗೆ ಚೆನ್ನಾಗೇ ಇದೆ."

"ಆದರೂ ಅನ್ನು."

"ಇದು... ಬಹುಶಃ... ಇನ್ನೊಮ್ಮೆ ನೋಡಿದರೆ..."

"ಬಹುಶಃ ಬೇಡ!"

"ಇದು ಸರಿಯಿಲ್ಲ!" ಎಂದುಬಿಟ್ಟ ಕಂಬ. ಪಕ್ಕದ ತಂಡದವರು ತಿರುಗಿ ನೋಡಿದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸುವಷ್ಟರಲ್ಲಿ ಮೂರು ನಿಮಿಷ ಹೋಯಿತೆಂದು ಗಡಿಯಾರದಮ್ಮ ಗದರಿದಳು.

ಎರಡೂ ಚಕ್ರ ಕೂತವು. ಗಾಡಿಯನ್ನು ಸೈಕಲಿಗೆ ಕಟ್ಟಿದರು. ಚಿನಕುರುಳಿ ತನ್ನ ಕೊಂಡಿಯ ಕ್ಲಾಂಪನ್ನು ಸೀಟಿನ ಕೆಳಗಿನ ಪೈಪಿಗೆ ಬಿಗಿದು, ಚಪ್ಪಾಳೆ ತಟ್ಟಿ, "ಮುಗೀತು!" ಎಂದಳು. ಮೂರು ಹತ್ತು.

ಕಂಬ ಕೊಂಡಿಯ ಸುತ್ತ ಒಂದು ಸುತ್ತು ಬಂದ. ಕೂತ, ಎದ್ದ. ಗಂಟಲು ಸರಿಮಾಡಿಕೊಂಡ. ಹಣೆಯ ಮೇಲೆ ಬೆವರು. ಚಿನಕುರುಳಿಗೆ ಮುಂಚಿನ ಹಾಗಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಈಗ ಕಂಡಿತು.

"ಏನಾಯ್ತು?" ಎಂದಳು, ಕಾದಳು.

"ಇದು ಸರಿಯಿಲ್ಲ," ಎಂದ ಕಂಬ, ಎಲ್ಲರಿಗೂ ಕೇಳುವಂತೆ. "ಏರುವಾಗ ಇದು ಗಟ್ಟಿಯಾಗಿ ಹಿಡಿದಿರುತ್ತೆ. ಇಳಿಜಾರಿನಲ್ಲಿ ಮೂಟೆಯ ಭಾರ ಹಿಂದಿನಿಂದ ನೂಕಿದಾಗ ಈ ಕ್ಲಾಂಪು ಕೆಳಗೆ ಜಾರುತ್ತೆ."

ಅವಳ ಸ್ವಂತ ಕೊಂಡಿ. ಬೆಳಿಗ್ಗೆಯಿಂದ ಮುದ್ದು ಮಾಡಿ ಕಟ್ಟಿದ್ದು. "ಏನೂ ಆಗಲ್ಲ ಬಿಡು" ಎಂಬ ಮಾತು ತುಟಿಯವರೆಗೆ ಬಂದಿತ್ತು. ಆದರೆ ಈ ಎರಡು ಪದ ಹೇಳಲು ಅವನು ಎಷ್ಟು ದೂರದಿಂದ ನಡೆದು ಬಂದಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಗಾಡಿಯನ್ನು ಹಿಂದಿನಿಂದ ಜೋರಾಗಿ ನೂಕಿ ನೋಡಿದಳು. ಕ್ಲಾಂಪು ಒಂದು ಬೆರಳಿನಷ್ಟು ಜಾರಿತು.

"ಹದಿನೆಂಟು ನಿಮಿಷ!" ಎಂದು ಕೂಗಿದಳು ಗಡಿಯಾರದಮ್ಮ.

ಆ ಹದಿನೆಂಟು ನಿಮಿಷ ಮೂವರಿಗೂ ಮೈಮೇಲೆ ಬಂದಂತಿತ್ತು. ಚಿನಕುರುಳಿ ಗುಜರಿ ರಾಶಿಗೆ ಬಿದ್ದು ಇನ್ನೊಂದು ಕ್ಲಾಂಪು ಹೆಕ್ಕಿ ತಂದಳು. ಗಡಿಯಾರದಮ್ಮ ಹಳೆ ಟ್ಯೂಬು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಪೈಪಿಗೆ ಸುತ್ತಿದಳು. ಮೇಲಿನದಕ್ಕೆ ತಡೆಯಾಗಿ ಕೆಳಗೆ ಎರಡನೆಯ ಕ್ಲಾಂಪು. ಕಂಬ ಇನ್ನೊಂದು ಕಡೆ ಹಿಡಿದುಕೊಂಡ. ಚಿನಕುರುಳಿ ಬಿಗಿದಳು. ಮೇಷ್ಟ್ರು ಸೀಟಿ ಊದುವಾಗ ಕೊನೆಯ ನಟ್ಟು ಕಿರ್ ಎಂದು ಕಚ್ಚಿಕೊಂಡಿತ್ತು.

ಮೊದಲ ಸುತ್ತು ಗಡಿಯಾರದಮ್ಮನದು, ಹೋದ ಹಾಗೆಯೇ ಬಂದಳು, ಅಳೆದಂತೆ. ಎರಡನೆಯದು ಕಂಬನದು, ಮಂಡಿ ಹ್ಯಾಂಡಲಿಗೆ ಬಡಿಯುತ್ತಿದ್ದರೂ ಜಲ್ಲಿಯ ಮೇಲೆ ಗಾಡಿ ಕುಣಿಯಲಿಲ್ಲ. ಮೂರನೆಯದಕ್ಕೆ ಚಿನಕುರುಳಿ ಹತ್ತಿದಳು. ಇಳಿಜಾರಿನ ತುದಿಯಲ್ಲಿ ಮೂಟೆಗಳು ಬೆನ್ನಿಗೆ ಕೈಯಿಟ್ಟು ದಬ್ಬಿದ ಹಾಗೆ ದಬ್ಬಿದವು. ಮುಂದಿದ್ದ ಎರಡು ಗಾಡಿಗಳ ಪೈಕಿ ಒಂದರ ಕೊಂಡಿ ಅಲ್ಲೇ ಕಳಚಿ ಮೂಟೆ ರಸ್ತೆಯ ಪಾಲಾಯಿತು. ಚಿನಕುರುಳಿ ಬ್ರೇಕು ಹಿಡಿದಳು. ಕ್ಲಾಂಪು ಜಪ್ಪಯ್ಯ ಎನ್ನಲಿಲ್ಲ. "ಹೋ!" ಎಂದು ಕಿರುಚಿಕೊಂಡೇ ತಿರುವು ದಾಟಿದಳು. ಗೆರೆ ಮುಟ್ಟಿದಾಗ ಅವರದು ಎರಡನೆಯ ಸ್ಥಾನ.

ಮೇಷ್ಟ್ರು ಒಂದೊಂದೇ ಗಾಡಿ ಎತ್ತಿಸಿ, ರಿಮ್ಮಿನ ಅಂಚಿಗೆ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿದರು. ಸೊಟ್ಟಗಿದ್ದ ಕಡೆ ಸುಣ್ಣದ ಗೆರೆ ಬೀಳುತ್ತಿತ್ತು. ಮೊದಲು ಬಂದವರ ಎರಡೂ ಚಕ್ರಕ್ಕೆ ಉದ್ದುದ್ದ ಗೆರೆ. ಇವರ ಎಡಗಡೆಯ ಚಕ್ರ ತಿರುಗಿತು, ತಿರುಗಿತು, ತಾನಾಗಿ ನಿಂತಿತು. ಒಂದು ಚುಕ್ಕೆಯೂ ಇಲ್ಲ. ಬಲಗಡೆಯದಕ್ಕೂ ಇಲ್ಲ. ಮೇಷ್ಟ್ರು ಸೀಮೆಸುಣ್ಣ ಕೂದಲೆಳೆಯಷ್ಟು ಹತ್ತಿರ ತಂದು ಮತ್ತೆ ತಿರುಗಿಸಿದರು. ಆಗಲೂ ಇಲ್ಲ.

"ಯಾರ ಕೈಕೆಲಸ ಇದು?" ಎಂದರು.

ಸುತ್ತ ಆರೂ ತಂಡದವರು ನಿಂತಿದ್ದರು. ಚಿನಕುರುಳಿಯ ಬಾಯಲ್ಲಿ ಉತ್ತರ ಕುದಿಯುತ್ತಿತ್ತು. ಆದರೂ ತಿರುಗಿ ಕಂಬನ ಕಡೆ ನೋಡಿದಳಷ್ಟೇ. ಅವನು ಎಂದಿನಂತೆ ಆತುರಪಡಲಿಲ್ಲ. ಬಗ್ಗಿ, ಬಲಗಡೆಯ ಚಕ್ರದ ಕಡ್ಡಿಗಳನ್ನು ಮೀಟುತ್ತಾ ಹೋದ. ಒಂದು ಕಡೆ ಬೆರಳು ನಿಂತಿತು.

"ಇದು ಸರಿಯಿಲ್ಲ," ಎಂದ ಮೇಷ್ಟ್ರಿಗೆ, ಕಣ್ಣಲ್ಲಿ ಕಣ್ಣಿಟ್ಟು. "ಒಂದು ಕಡ್ಡಿ ಸಡಿಲ ಆಗಿದೆ. ನಾಳೆ ಬಿಗಿ ಮಾಡ್ತೀವಿ."

"ನಾಳೆ ಭಾನುವಾರ. ವರ್ಕ್‌ಶಾಪಿಗೆ ಬೀಗ. ಎಲ್ಲಿ ಮಾಡ್ತೀರಿ?"

ಕಂಬ ಮೂಲೆ ಕೋಣೆಯ ಕಡೆ ಕೈ ತೋರಿಸಿದ.

ಮೇಷ್ಟ್ರು ಗಹಗಹಿಸಿ ನಕ್ಕು, ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ಅವನ ಅಂಗೈಗಿಟ್ಟರು. ಚಿನಕುರುಳಿ ಕೂಗಿದ ಕೂಗಿಗೆ ಮರದ ಹಕ್ಕಿಗಳು ಹಾರಿದವು. ಕಂಬನ ಭುಜ ಅಲುಗಿತು. ಗಡಿಯಾರದಮ್ಮ ಇಬ್ಬರ ತೋಳನ್ನೂ ಹಿಡಿದು, "ನಾಳೆ ಎಂಟಕ್ಕೆ. ಎಂಟು ಅಂದ್ರೆ ಎಂಟು. ಮೊದಲು ಕಸ ಗುಡಿಸ್ಬೇಕು, ಆ ಬೆಂಚಿನ ಮೇಲೆ ಒಂದು ಅಂಗುಲ ಧೂಳಿದೆ," ಎಂದಳು.

"ನಿನಗೆ ಹೇಗೆ ಗೊತ್ತು?" ಎಂದಳು ಚಿನಕುರುಳಿ.

"ನಾನೂ ದಿನಾ ಕಿಟಕೀಲಿ ನೋಡ್ತಿದ್ದೆ," ಎಂದಳು ಗಡಿಯಾರದಮ್ಮ. ಆ ದಿನ ಮೊದಲ ಬಾರಿಗೆ ಅವಳು ಗಡಿಯಾರ ನೋಡುವುದನ್ನು ಮರೆತಿದ್ದಳು.